ಮರುಕಾವಲು

ಆ ಊರಿನ ಸುತ್ತ ಒಂದು ಗೋಡೆ. ಗೋಡೆಯ ಮೇಲೆ ಒಬ್ಬರು ನಡೆಯುವಷ್ಟೇ ಅಗಲದ ದಾರಿ. ಆ ದಾರಿಯ ಮೇಲೆ ದಿನಾ ಸಂಜೆ ಕಾವಲಿನವರ ಸಾಲು. ಸಾಲಿನಲ್ಲಿ ಮೊದಲು ನಡೆಯುವವನಿಗೆ ಮುಂದಾಳು ಎಂದು ಹೆಸರು. ಅವನಿಗೆ ಆಕಾಶ ಕಾಣುತ್ತದೆ, ಬಯಲು ಕಾಣುತ್ತದೆ, ಊರಿಗೆ ಬರುವ ರಸ್ತೆ ಕಾಣುತ್ತದೆ. ಅವನ ಹಿಂದಿನವನಿಗೆ ಅವನ ಬೆನ್ನು ಕಾಣುತ್ತದೆ. ಅವನ ಹಿಂದಿನವನಿಗೆ ಅವನ ಬೆನ್ನು. ಎದುರಿನ ಬೆನ್ನಿನಿಂದ ಕಣ್ಣು ತೆಗೆದು ಅಕ್ಕಪಕ್ಕ ನೋಡಿದರೆ ಸಾಲು ಕೆಡುತ್ತದೆಂದು ಕಟ್ಟಳೆ. ಕೊನೆಯವನಿಗೆ ಬೆನ್ನಿನ ಜೊತೆಗೆ ಎಲ್ಲರ ಕಾಲಿನ ಧೂಳೂ ಸಿಗುತ್ತದೆ.

ಗೋಡೆ ಇರುವ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ, ಬೆನ್ನು ನೋಡಿ ಬದುಕುವವರೂ ಬೇಕಾದಷ್ಟು ಜನ. ಈ ಊರಿನ ವಿಶೇಷ ಬೇರೆ. ಉಳಿದ ಕಡೆ ಒಬ್ಬನು ಅನ್ಯಾಯವಾಗಿ ಹಿಂದೆ ಬಿದ್ದಿದ್ದಾನೆಂದು ಸಾಬೀತಾದರೆ ಅವನನ್ನು ಮುಂದೆ ತಂದು ನಿಲ್ಲಿಸಿ, ಹೆಗಲು ತಟ್ಟಿ, ಆದದ್ದಾಯಿತು ಬಿಡು ಅನ್ನುತ್ತಾರೆ. ಈ ಊರಲ್ಲಿ 'ಆದದ್ದಾಯಿತು' ಎಂಬ ಮಾತನ್ನು ಯಾರೂ ಆಡುವಂತಿಲ್ಲ. ತಪ್ಪನ್ನು ಅದು ನಡೆದ ದಿನದಿಂದಲೇ ತಿದ್ದಬೇಕು. ಎಂದಿನಿಂದ ಅವನು ಮುಂದಿರಬೇಕಿತ್ತೋ ಅಂದಿನಿಂದ ಅವನನ್ನು ಮುಂದಿಟ್ಟುಕೊಂಡು, ಕಳೆದುಹೋದ ದಿನಗಳನ್ನೆಲ್ಲ ಇನ್ನೊಮ್ಮೆ ನಡೆಯಬೇಕು. ಇದಕ್ಕೆ ಮರುಕಾವಲು ಅನ್ನುತ್ತಾರೆ.

ಮರುಕಾವಲನ್ನು ಮೊದಲ ಸಲ ನೋಡಿದವರು ನಗುತ್ತಾರೆ. ಮುದುಕನಾದ ಕಳ್ಳನನ್ನು ಮನೆಯಿಂದ ಕರೆತಂದು, ಹರೆಯದಲ್ಲಿ ಅವನು ಹತ್ತಿದ್ದ ಹಿತ್ತಲ ಗೋಡೆಯನ್ನು ಮತ್ತೆ ಹತ್ತಿಸುತ್ತಾರೆ. "ಮೊಣಕಾಲು ನೋವು, ಸ್ವಾಮಿ" ಅಂದರೆ ಇಬ್ಬರು ಕೆಳಗಿನಿಂದ ಎತ್ತಿಕೊಡುತ್ತಾರೆ. ಆಚೆ ಬದಿಯಲ್ಲಿ, ಅಂದು ಅವನನ್ನು ಹಿಡಿಯಬೇಕಿದ್ದವನು ನಿಂತು ಹಿಡಿಯುತ್ತಾನೆ. ಅಂದು ನಿಜವಾಗಿ ಹಿಡಿದಿದ್ದವನು ದೂರದಲ್ಲಿ ಕೈಕಟ್ಟಿಕೊಂಡು ನೋಡುತ್ತಾನೆ. ತಂಬಿಗೆ ಕಳೆದುಕೊಂಡಿದ್ದ ಅಜ್ಜಿ ಹೊಸದಾಗಿ ಅಳಬೇಕು. "ತಂಬಿಗೆ ಅವತ್ತೇ ಸಿಕ್ತಲ್ಲಪ್ಪ, ಅದರಲ್ಲೇ ನೀರು ಕುಡೀತಾ ಇದೀನಿ" ಅಂದರೆ, "ಕುಡಿದು ಮುಗಿಸಿ ಅಳಮ್ಮ, ಅವಸರ ಇಲ್ಲ" ಅನ್ನುತ್ತಾರೆ. ಒಬ್ಬನಿಗೆ ಹೊಡೆದಿದ್ದ ಸಲಾಮನ್ನು ಇನ್ನೊಬ್ಬನಿಗೆ ಹೊಡೆಯುತ್ತಾರೆ. ಏನೂ ನಡೆಯದ ದಿನಗಳನ್ನು ಡೋಲು ಬಡಿದು ರಾಶಿರಾಶಿಯಾಗಿ ದಾಟಿಸುತ್ತಾರೆ. ಏನಾದರೂ ನಡೆದ ದಿನವನ್ನು ಮಾತ್ರ ಪೂರ್ತಿಯಾಗಿ ನಡೆಯಬೇಕು. ಆ ದಿನದಲ್ಲಿ ಅಂದು ಆದದ್ದೇ ಆಗಬೇಕೆಂದೇನಿಲ್ಲ. ಮುಂದಾಳು ಬದಲಾದರೆ ಆಜ್ಞೆ ಬದಲಾಗಬಹುದು. ಆಜ್ಞೆ ಬದಲಾದರೆ ದಿನ ಬದಲಾಗುತ್ತದೆ. ಬದಲಾದ ದಿನವೇ ನಿಜವಾದ ದಿನ.

ಈಗ ಹೇಳುವುದು ಇಬ್ಬರು ಕಾವಲಿನವರ ಸಂಗತಿ. ಒಬ್ಬನನ್ನು ಊರು ಬಿದ್ದವನು ಅನ್ನುತ್ತಿತ್ತು, ಇನ್ನೊಬ್ಬನನ್ನು ಎತ್ತಿದವನು.

ಸಾಲಿಗೆ ಸೇರುವ ಹೊಸಬರು ಒಂದು ಮಧ್ಯಾಹ್ನವಿಡೀ ಬಯಲಿನಲ್ಲಿ ನಿಂತು ಪ್ರಮಾಣ ಮಾಡಬೇಕು. ಆ ವರ್ಷದ ಬಿಸಿಲಿಗೆ ಒಬ್ಬ ಹುಡುಗ ತಲೆ ತಿರುಗಿ ಬಿದ್ದ. ಪಕ್ಕದಲ್ಲಿ, ಸಾಲಿನ ಮೊದಲಿಗೆ ನಿಂತಿದ್ದವನು ಸಾಲು ಬಿಟ್ಟು ಬಂದು ಅವನನ್ನು ಎತ್ತಿ, ಹುಣಸೆಮರದ ನೆರಳಿನಲ್ಲಿ ಮಲಗಿಸಿ, ನೀರು ತರಲು ಓಡಿದ. ಅಷ್ಟರಲ್ಲಿ ಸಾಲು ಎಣಿಸುವ ಹಿರಿಯ ಬಂದ. ಅವನು ಎಲ್ಲಿಂದ ಎಣಿಸಲು ಶುರುಮಾಡುತ್ತಾನೋ ಅಲ್ಲಿಂದಲೇ ಜ್ಯೇಷ್ಠತೆ ಶುರು ಎಂದು ಪದ್ಧತಿ. ಹಿರಿಯನಿಗೂ ಬಿಸಿಲು ಬಿಸಿಲೇ. ಅವನು ಮರದ ನೆರಳಿಗೆ ಹೋಗಿ ನಿಂತು ಅಲ್ಲಿಂದ ಎಣಿಸಿದ. ಬಿದ್ದವನು ಮಲಗಿದ್ದಲ್ಲೇ ಆ ವರ್ಷದವರಲ್ಲಿ ಮೊದಲಿಗನಾದ. ಎತ್ತಿದವನು ಚೊಂಬು ಹಿಡಿದು ಬಂದಾಗ ಜಾಗ ಉಳಿದದ್ದು ಬಾಲದಲ್ಲಿ.

ಹಳಬರು ಒಬ್ಬೊಬ್ಬರಾಗಿ ಇಳಿದರು. ಬಿದ್ದವನು ಚಿಕ್ಕ ಪ್ರಾಯದಲ್ಲೇ ಮುಂದಾಳಾದ. ಎತ್ತಿದವನು ಬೆನ್ನು ನೋಡುತ್ತ, ಧೂಳು ಕುಡಿಯುತ್ತ ನಡೆದ. ನಡೆಯುತ್ತಲೇ ನ್ಯಾಯದ ಕಟ್ಟೆಗೆ ದೂರು ಕೊಟ್ಟ. ಕಟ್ಟೆಯ ಮೇಲೆ ಕೂರುವ ಹಿರಿಯರು ದೂರನ್ನು ಕೇಳಿ, "ನೋಡೋಣ" ಅಂದರು. ಅವರು ಸತ್ತು ಅವರ ಮಕ್ಕಳು ಬಂದು ಕೂತರು. ಅವರೂ "ನೋಡೋಣ" ಅಂದರು.

ಎತ್ತಿದವನು ಜೀವಮಾನದಲ್ಲಿ ಸಾಲು ಬಿಟ್ಟದ್ದು ಅದೊಂದೇ ಸಲ. ಅದರ ಫಲ ಉಂಡಮೇಲೆ ಮತ್ತೆಂದೂ ಬಿಡಲಿಲ್ಲ. ಒಮ್ಮೆ ಅವನು ಬಾಗಿಲ ಪಾಳಿಯಲ್ಲಿದ್ದಾಗ ಅವನ ಸ್ವಂತ ತಂಗಿಯ ದಿಬ್ಬಣ ಬಂತು. ಗಾಡಿಯ ಅಚ್ಚು ಮುರಿದು ತಡವಾಗಿತ್ತು; ಸೂರ್ಯ ಆಗಷ್ಟೇ ಮುಳುಗಿದ್ದ. ಸೂರ್ಯ ಮುಳುಗಿದ ಮೇಲೆ ಬಾಗಿಲಿಲ್ಲ. "ಅಣ್ಣಾ, ನಾನು ಕಣೋ" ಎಂದು ತಂಗಿ ಹೊರಗಿನಿಂದ ಕೂಗಿದಳು. "ಗೊತ್ತು. ಬೆಳಿಗ್ಗೆ ಬಾ" ಅಂದ. ಮುಹೂರ್ತ ಹೋಯಿತು, ಗಂಡಿನವರು ಹೋದರು, ತಂಗಿ ಮತ್ತೆ ಅವನ ಮನೆಯ ಹೊಸಿಲು ತುಳಿಯಲಿಲ್ಲ. ಕಟ್ಟೆಯ ಮುಂದೆ ಅವನ ವಕೀಲ ಎತ್ತಿ ಹೇಳಿದ್ದು ಇದನ್ನೇ: "ಇಂಥ ಮನುಷ್ಯ ಬಾಲದಲ್ಲಿರಬೇಕೇ, ಸ್ವಾಮಿ? ಕಟ್ಟಳೆಯನ್ನು ಕೂದಲೆಳೆಯಷ್ಟೂ ಮೀರದವನು!" ಹಿರಿಯರು ತಲೆದೂಗಿದರು.

ಇಬ್ಬರಿಗೂ ಸಾಲಿನಿಂದ ಇಳಿಯುವ ವಯಸ್ಸು ಹತ್ತಿರ ಬಂದಾಗ ತೀರ್ಪು ಬಂತು. ಎತ್ತಿದವನೇ ಮೊದಲಿಗ. ಅವನ ಬಡ್ತಿ ಪೂರ್ವಾನ್ವಯ. ಪ್ರಮಾಣದ ದಿನದಿಂದ ಮರುಕಾವಲು ನಡೆಯತಕ್ಕದ್ದು.

ಬಿದ್ದವನು ಅಂದೇ ಎತ್ತಿದವನ ಮನೆಗೆ ಬಂದ. ಜೊತೆಯಲ್ಲಿ ಹೆಂಡತಿಯೂ ಇದ್ದಳು. ಊರವರು ಅವಳನ್ನು ಬಂದವಳು ಅನ್ನುತ್ತಿದ್ದರು. ಬಾಗಿಲ ಪಕ್ಕದಲ್ಲಿ ಅವಳದೊಂದು ಭಟ್ಟಿ. ಬಿಸಿ ಮರಳಿನಲ್ಲಿ ಕಡಲೆ ಹುರಿದು ಮಾರುತ್ತಿದ್ದಳು. ಪೊಟ್ಟಣ ತುಂಬ ಬಿಸಿ ಕಡಲೆ ತಂದು ಎತ್ತಿದವನ ಮುಂದಿಟ್ಟಳು.

"ಒಳ್ಳೇದಾಯ್ತು ಮಾರಾಯ" ಅಂದ ಬಿದ್ದವನು. "ನಿನ್ನ ಜಾಗದಲ್ಲಿ ನಿಂತು ನಿಂತು ನನಗೂ ಸಾಕಾಗಿತ್ತು. ದಿನಾ ನಿನ್ನ ಕಣ್ಣು ಬೆನ್ನಿಗೆ ಚುಚ್ಚೋದು."

"ನಡುವೆ ಅಷ್ಟು ಜನ ಇದ್ದರಲ್ಲೋ, ನನ್ನ ಕಣ್ಣು ನಿನ್ನ ತನಕ ಎಲ್ಲಿ ಮುಟ್ಟಬೇಕು."

"ಎಲ್ಲರನ್ನೂ ತೂರಿಕೊಂಡು ಬರೋದಪ್ಪ. ಅಂಥಾ ಕಣ್ಣು ನಿಂದು."

ಇಬ್ಬರೂ ನಕ್ಕರು. ಎತ್ತಿದವನು ಕಡಲೆ ಬಾಯಿಗೆ ಹಾಕಿಕೊಂಡು, "ನನಗೆ ಜಾಸ್ತಿ ಆಸೆ ಏನಿಲ್ಲ" ಅಂದ. "ಇಳಿಯೋ ಮುಂಚೆ ಒಂದು ದಿನ, ಕಣ್ಣ ಮುಂದೆ ಯಾರ ಬೆನ್ನೂ ಇಲ್ಲದೆ ನಡೀಬೇಕು. ಅಷ್ಟೇ."

ಬಂದವಳು ನಗಲಿಲ್ಲ. ಅವಳು ಕೇಳಿದಳು: "ಬೇನೆಯ ವರ್ಷವೂ ಇದರಲ್ಲಿ ಬರುತ್ತಾ?"

ಎತ್ತಿದವನ ಬಾಯಲ್ಲಿ ಕಡಲೆ ಹಾಗೇ ನಿಂತಿತು.

ಅಂಟುಬೇನೆಯ ಆ ವರ್ಷದಲ್ಲಿ ಹೊರಗಿನವರು ಯಾರಿಗೂ ಬಾಗಿಲಿಲ್ಲ ಎಂದು ಕಟ್ಟಳೆಯಾಗಿತ್ತು. ಆಗ ಒಬ್ಬಳು ಹೆಂಗಸು ಖಾಲಿ ಜೋಳಿಗೆ ಹೊತ್ತು ರಸ್ತೆಯಿಂದ ಬಂದು ಬಾಗಿಲು ತಟ್ಟಿದಳು. ಅನೇಕ ಊರು ಕಂಡವಳು, ಅನೇಕ ಬಾಗಿಲು ತಟ್ಟಿದವಳು. "ಯಾರಿದ್ದೀರ್ರಪ್ಪಾ, ತೆಗೀರಿ" ಎಂದು ತನ್ನ ಮನೆಯ ಕದ ತಟ್ಟುವವಳ ಹಾಗೆ ಕೂಗಿದಳು. ಅಂದು ಬಿದ್ದವನು ಮುಂದಾಳು. ಅವನು ಯೋಚಿಸಲಿಲ್ಲ. "ತೆಗೀರಿ" ಅಂದ. ಅಡ್ಡಮರ ಸರಿಯಿತು, ಅವಳು ಒಳಗೆ ಬಂದಳು. ಅವಳಿಂದ ಬೇನೆ ಯಾರಿಗೂ ಅಂಟಲಿಲ್ಲ, ಅವಳೇ ಅವನಿಗೆ ಅಂಟಿದಳು ಎಂದು ಊರವರು ಗೇಲಿ ಮಾಡಿದರು. ಮದುವೆಯಾಯಿತು, ಮಗಳು ಹುಟ್ಟಿದಳು, ಆ ಮಗಳು ಈಗ ಅಮ್ಮನ ಜೊತೆ ಭಟ್ಟಿಯ ಮುಂದೆ ಕೂತು, ಚೌಕಾಸಿ ಮಾಡುವವರ ನೀರಿಳಿಸುವಷ್ಟು ದೊಡ್ಡವಳಾಗಿದ್ದಳು.

ಮರುದಿನ ಎಲ್ಲರೂ ಕಟ್ಟೆಗೆ ಹೋದರು. ಎತ್ತಿದವನೇ ಮುಂದೆ ನಿಂತು ಕೈಮುಗಿದ.

"ನನ್ನ ದೂರು ವಾಪಸು ತಗೋತೀನಿ, ಸ್ವಾಮಿ."

"ದೂರು ನಿನ್ನದು" ಅಂದರು ಕಟ್ಟೆಯ ಹಿರಿಯರು. "ತೀರ್ಪು ಊರಿನದು. ದೂರು ಎಲ್ಲಿದೆ ಈಗ? ತೀರ್ಪಾಗಿಹೋಯಿತಲ್ಲ."

"ಇವತ್ತಿನಿಂದ ಮುಂದಾಳಾದರೆ ಸಾಕು ನನಗೆ. ಹಿಂದಿನದು ಬೇಡ."

"ನ್ಯಾಯವನ್ನು ಅರ್ಧ ತಿಂದು ಅರ್ಧ ಬಿಡೋಕೆ ಅದೇನು ರೊಟ್ಟಿಯೇ?"

ಬಿದ್ದವನು ಮುಂದೆ ಬಂದ. "ಸ್ವಾಮಿ, ನನ್ನನ್ನು ಬಾಲಕ್ಕೆ ಹಾಕಿ, ಬೇಸರವಿಲ್ಲ. ಸಲಾಮುಗಳನ್ನೆಲ್ಲ ವಾಪಸು ಕೊಡ್ತೀನಿ. ಆ ಒಂದು ದಿನ ಮಾತ್ರ ಹಾಗೇ ಇರಲಿ."

"ಒಂದು ದಿನವನ್ನು ಹಾಗೇ ಬಿಟ್ಟರೆ ಅದರ ಹಿಂದಿನದೂ ಮುಂದಿನದೂ ಅದಕ್ಕೆ ಹೇಗೆ ಕೂಡಿಕೊಳ್ಳಬೇಕು, ನೀನೇ ಹೇಳು."

ಅವನು ಹೆಂಡತಿಯ ಕಡೆ ನೋಡಿದ.

ಮಗಳಿಗೆ ತಡೆಯಲಾಗಲಿಲ್ಲ. "ನನ್ನನ್ನೇನು ಮಾಡ್ತೀರಿ? ಅಮ್ಮ ಬರದಿದ್ದರೆ ನಾನು ಹುಟ್ಟಿದ್ದೆಲ್ಲಿ? ಅರ್ಧ ಒಳಗೆ, ಅರ್ಧ ಹೊರಗೆ ನಿಲ್ಲಲಾ?"

"ಅದು ಬೇರೆ ವ್ಯಾಜ್ಯ, ತಾಯಿ" ಅಂದರು ಹಿರಿಯರು, ಮನಸಾರೆ ಮರುಕದಿಂದ. "ಅರ್ಜಿ ಹಾಕು, ಕೇಳ್ತೀವಿ. ಅದು ತೀರೋ ತನಕ ನೀನು ಊರು ಬಿಡೋ ಹಾಗಿಲ್ಲ. ನಿನ್ನ ಅಪ್ಪ ಸಾಕ್ಷಿ, ಅವನೂ ಬಿಡೋ ಹಾಗಿಲ್ಲ."

ಕೊನೆಯಲ್ಲಿ ಬಂದವಳು ಕೇಳಿದಳು. "ಬಾಗಿಲು ತೆಗೀಲಿಲ್ಲ ಅಂತಲೇ ಇಟ್ಟುಕೊಳ್ಳಿ. ಹೊರಗೆ ನಿಂತವಳು ಆವತ್ತು ಹೋಗಿ, ಇವತ್ತು ಬಂದರೆ? ಇವತ್ತು ಬೇನೆ ಇಲ್ಲವಲ್ಲ."

ಹಿರಿಯರು ಮೆಚ್ಚಿಕೊಂಡರು. "ಜಾಣೆ. ಬಾ, ಖಂಡಿತ ಬಾ. ಇವತ್ತು ಬಂದಮೇಲೆ ಬಾ."

"ಇವತ್ತು ಯಾವಾಗ ಬರುತ್ತೆ?"

"ಮರುಕಾವಲು ಹಿಂದಿನ ದಿನಗಳನ್ನೆಲ್ಲ ದಾಟಿ ಇಲ್ಲಿಗೆ ತಲುಪಿದ ಮೇಲೆ. ಇದಾದ ಮೇಲೆ ಇನ್ನೂ ಕೆಲವು ತೀರ್ಪುಗಳಿವೆ, ಅವುಗಳದ್ದೂ ಮುಗಿಯಬೇಕು." ಒಬ್ಬ ಹಿರಿಯ ಪಕ್ಕದವನ ಕಡೆ ತಿರುಗಿ, "ನಮ್ಮ ಅಜ್ಜನ ಕಾಲದಲ್ಲಿ ಒಂದು ಸಲ ಇವತ್ತು ಬಂದಿತ್ತಂತೆ, ಅಲ್ಲವೇ?" ಅಂದ. ಪಕ್ಕದವನು ತಾನೂ ಹಾಗೆ ಕೇಳಿದ್ದೇನೆ ಅಂದ.

ಬಿಸಿಲಿನ ಮಧ್ಯಾಹ್ನದಿಂದ ಮರುಕಾವಲು ಶುರುವಾಯಿತು. ನರೆಗೂದಲಿನ ಬಿದ್ದವನು ಬಯಲಿನಲ್ಲಿ ಬಿದ್ದ. ಎತ್ತಿದವನು ಈ ಸಲ ಅವನನ್ನು ಎತ್ತಲಿಲ್ಲ. ಎತ್ತಲು ಸಾಲು ಬಿಟ್ಟದ್ದೇ ಎಣಿಕೆ ಕೆಡಿಸಿದ್ದೆಂದು ತೀರ್ಪಿನಲ್ಲಿ ಹೇಳಿತ್ತು. ಬಿದ್ದವನು ಬಹಳ ಹೊತ್ತು ಬಿಸಿಲಿನಲ್ಲೇ ಬಿದ್ದಿದ್ದು, ತಾನಾಗಿ ಎದ್ದು, ಬಾಲದಲ್ಲಿ ಹೋಗಿ ನಿಂತ. ಡೋಲು ಬಡಿದರು, ದಿನಗಳು ದಾಟಿದವು. ಸಲಾಮು ಹೊಡೆದರು. ಕಳ್ಳರು ಗೋಡೆ ಹತ್ತಿದರು, ಇಳಿದರು. ಡೋಲು ಬಡಿದರು. ಎತ್ತಿದವನು ಆಜ್ಞೆ ಕೊಡಬೇಕಾದಲ್ಲೆಲ್ಲ ಕೊಟ್ಟ, ಮತ್ತು ಪ್ರತಿ ಆಜ್ಞೆಯ ಜೊತೆ ಬೇನೆಯ ವರ್ಷ ಹತ್ತಿರ ಬಂತು.

ಅದು ತೀರಾ ಹತ್ತಿರ ಬಂದಾಗ ಬಂದವಳು ಒಬ್ಬಳೇ ಎತ್ತಿದವನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತಿದ್ದ.

"ಅಣ್ಣಾ, ಬಾಯಿಬಿಟ್ಟು ಕೇಳಿಬಿಡ್ತೀನಿ. ತೆಗೀತೀಯಾ?"

"ತೆಗೀಬೇಕು ಅಂತಿದೆ ತಾಯಿ."

"ಅಂತಿದೆ ಅಂದರೆ ಅಡ್ಡಮರ ಸರಿಯುತ್ತಾ?"

"ನಾನು ಏನು ಹೇಳಬೇಕು ಅನ್ನೋದು ಈಗಿನ ನನ್ನ ಕೈಲಿಲ್ಲ. ಆವತ್ತಿನ ನಾನು ಏನು ಹೇಳ್ತಿದ್ದೆ, ಅದಷ್ಟೇ ಆಜ್ಞೆ. ಅದನ್ನ ಕಟ್ಟೆ ತೂಗಿ ನೋಡುತ್ತೆ." ಅವನು ಅಂಗೈ ನೋಡಿಕೊಂಡ. "ತಂಗಿಯ ದಿಬ್ಬಣವನ್ನೇ ಹೊರಗೆ ನಿಲ್ಲಿಸಿದವನು ಗುರುತಿಲ್ಲದವಳಿಗೆ ಬಾಗಿಲು ತೆಗೀತಿದ್ದ ಅಂದರೆ ಯಾರು ನಂಬ್ತಾರೆ? ಅದನ್ನ ಹೇಳಿಹೇಳಿಯೇ ಅಲ್ವಾ ನಾನು ಗೆದ್ದದ್ದು."

"ಹಾಗಾದರೆ ಆ ದಿಬ್ಬಣದ ಕಥೆ ಸುಳ್ಳು ಅನ್ನು. ನಿನ್ನ ಗೆಲುವು ಬಿದ್ದುಹೋಗಲಿ."

"ಅದನ್ನೂ ವಕೀಲನ ಹತ್ತಿರ ಕೇಳಿದೆ. ನನ್ನ ಗೆಲುವು ಬಿದ್ದರೆ ನಿನ್ನ ಗಂಡ ಮತ್ತೆ ಮೇಲೆ ಬರೋಲ್ಲ. ಅವನ ಎಣಿಕೆ ತಪ್ಪು ಅಂತ ಆಗಲೇ ತೀರ್ಮಾನ ಆಗಿದೆ. ನಮ್ಮಿಬ್ಬರ ನಂತರದವನು ಮೊದಲಿಗ ಆಗ್ತಾನೆ."

"ಆಗಲಿ. ಅವನನ್ನ ಕೇಳ್ತೀನಿ."

"ಅವನು ಬೇನೆಯ ವರ್ಷದಲ್ಲಿ, ನೀನು ಬರೋಕೆ ಮುಂಚೆಯೇ ಸತ್ತ. ಸತ್ತವನು ಮುಂದಾಳಾದರೆ ಆಜ್ಞೆಯೇ ಇಲ್ಲ. ಆಜ್ಞೆ ಇಲ್ಲದಿದ್ದರೆ ಬಾಗಿಲು ಇದ್ದ ಹಾಗೇ ಇರುತ್ತೆ."

ಬಂದವಳು ನಕ್ಕುಬಿಟ್ಟಳು. "ಎಂಥೆಂಥ ಊರಲ್ಲೋ ಬಾಗಿಲು ತಟ್ಟಿದೀನಿ. ಬೈದು ಓಡಿಸಿದ ಊರಿದೆ, ನಾಯಿ ಬಿಟ್ಟ ಊರಿದೆ. ಎಲ್ಲರೂ ಒಳ್ಳೆಯವರಾಗಿದ್ದುಕೊಂಡು ಹೊರಗೆ ಹಾಕೋ ಊರು ಇದೊಂದೇ."

ಎತ್ತಿದವನು ಮುಖ ಮುಚ್ಚಿಕೊಂಡ. ಅವಳು ಎದ್ದಳು. ಹೊರಡುವಾಗ, "ಅಳಬೇಡ. ನಿನಗೆ ಆದದ್ದೂ ಅನ್ಯಾಯವೇ" ಅಂದಳು.

ಆ ದಿನ ಬಂತು. ಬಂದವಳು ಮಗಳಿಗೆ ತಲೆ ಬಾಚಿ ಜಡೆ ಹಾಕಿದಳು. ಯಾವ ಮರಳು ಎಷ್ಟು ಕಾಯಬೇಕು, ಯಾರಿಗೆ ಸಾಲ ಕೊಡಬಾರದು, ಅಪ್ಪನಿಗೆ ರಾತ್ರಿ ಏನು ತಿಂದರೆ ಆಗುವುದಿಲ್ಲ ಎಂದು ಹೇಳಿದಳು. ಕಟ್ಟೆಯವರು ಬಂದು ಅವಳ ಜೋಳಿಗೆ ನೋಡಿದರು. ಮಗಳು ಅದರೊಳಗೆ ಕಡಲೆ ತುಂಬಿಟ್ಟಿದ್ದಳು. ಬೇನೆಯ ವರ್ಷ ಅವಳು ಬಂದಾಗ ಜೋಳಿಗೆ ಖಾಲಿಯಿತ್ತು. ಕಟ್ಟೆಯವರು ಕಡಲೆಯನ್ನು ಚೆಲ್ಲದೆ, ಒಂದನ್ನೂ ನೆಲಕ್ಕೆ ಬೀಳಿಸದೆ, ಮಗಳ ಮಡಿಲಿಗೆ ಸುರಿದು ಕೊಟ್ಟರು.

ಬಿದ್ದವನು ಬಾಗಿಲ ತನಕ ಜೊತೆಗೆ ಬಂದ. "ನೀನು ಕೂಗು" ಅಂದ. "ಅವತ್ತು ಕೂಗಿದ ಹಾಗೇ ಕೂಗು. ಆ ದನಿ ಕೇಳಿದರೆ ಯಾರಿಗೂ ಆಗಲ್ಲ ಅನ್ನೋಕೆ ಆಗಲ್ಲ."

"ರೀ, ಅದು ನಿಮಗೆ ಹಾಗೆ ಕೇಳಿಸಿದ್ದು" ಅಂದಳು. "ನಾನು ಎಲ್ಲ ಊರಲ್ಲೂ ಹಾಗೇ ಕೂಗ್ತಿದ್ದೆ."

ಅವಳು ಹೊರಗೆ ಹೋದಳು. ಅಡ್ಡಮರ ಬಿತ್ತು. ಬಿದ್ದವನು ಹೋಗಿ ಬಾಲದಲ್ಲಿ ನಿಂತು ಎದುರಿನ ಬೆನ್ನನ್ನು ನೋಡತೊಡಗಿದ. ಬಾಗಿಲು ತಟ್ಟಿದ ಸದ್ದಾಯಿತು.

"ಯಾರಿದ್ದೀರ್ರಪ್ಪಾ, ತೆಗೀರಿ."

ಸಾಲು ಅಲುಗಲಿಲ್ಲ. ಊರೇ ಸೇರಿತ್ತು. ಎತ್ತಿದವನು ಮೊದಲ ಜಾಗದಲ್ಲಿ, ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಆಮೇಲೆ ಅವನು ಬಾಯಿ ತೆರೆದು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ತೆಗೀರಿ!"

ಅಡ್ಡಮರದ ಎರಡು ತುದಿಗಳಲ್ಲಿದ್ದ ಇಬ್ಬರು ಆಳುಗಳು ಕಟ್ಟೆಯವರ ಮುಖ ನೋಡಿದರು.

"ತೆಗೀರಿ ಅಂದೆ! ಮುಂದಾಳು ಹೇಳ್ತಿದ್ದೀನಿ!"

ಕಟ್ಟೆಯ ಹಿರಿಯರು ತಲೆ ತಲೆ ಸೇರಿಸಿ ಮಾತಾಡಿಕೊಂಡರು. ಅವರಲ್ಲಿ ಹಿರಿಯವನು ಮುಂದೆ ಬಂದು ಎತ್ತಿದವನ ಹೆಗಲ ಮೇಲೆ ಕೈಯಿಟ್ಟ. "ನೀನು ಒಳ್ಳೆಯವನು" ಅಂದ. "ಆದರೆ ಆವತ್ತಿನ ನೀನು ಹೀಗೆ ಹೇಳುವವನಲ್ಲ. ಆದ್ದರಿಂದ ಹೇಳಲಿಲ್ಲ."

"ಹೇಳಿದೆ, ಸ್ವಾಮಿ. ಈಗ ಹೇಳಿದೆನಲ್ಲ."

"ಇಲ್ಲಪ್ಪ. ಹೇಳಲಿಲ್ಲ."

ಎತ್ತಿದವನು ಹಿಂದೆ ತಿರುಗಿ ಸಾಲನ್ನು ನೋಡಿದ. "ಕೇಳಿಸಿತಲ್ಲ ನಿಮಗೆ? ಲೋ, ಯಾರಾದರೂ ಹೇಳ್ರೋ!" ಎಲ್ಲರ ಕಣ್ಣೂ ತಮ್ಮ ಎದುರಿನ ಬೆನ್ನಿನ ಮೇಲಿತ್ತು. ಬಾಲದಲ್ಲಿ ಒಬ್ಬನು "ಕೇಳಿಸಿತು" ಅಂದ. ಬಾಲದವನ ಸಾಕ್ಷಿ ಕೇಳುವುದು ಮುಂದಿನವರ ಸಾಕ್ಷಿ ಮುಗಿದ ಮೇಲೆ ಎಂದು ಕಟ್ಟಳೆ.

ಹೊರಗಿನಿಂದ ಇನ್ನೊಂದು ಕೂಗು ಬರಬಹುದೆಂದು ಕಾದರು. ಬರಲಿಲ್ಲ. ಅವಳು ಒಂದು ಬಾಗಿಲನ್ನು ಎರಡು ಸಲ ತಟ್ಟುವವಳಾಗಿರಲಿಲ್ಲ. ಹೊತ್ತು ಇಳಿಯಿತು. ತೆರೆಯದ ಬಾಗಿಲಿಗೆ ಬಂದವರಿಲ್ಲ, ಆದ್ದರಿಂದ ಈ ದಿನ ಬಾಗಿಲಿಗೆ ಯಾರೂ ಬರಲಿಲ್ಲ ಎಂದು ಸಾರಿದರು. ಜನ ಚದುರಿದರು. ಮಗಳು ಮಡಿಲು ಬಿಗಿಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು.

ಸಂಜೆ ಸಾಲು ಗೋಡೆ ಹತ್ತಿತು. ಮೊದಲು ಎತ್ತಿದವನು. ಕಣ್ಣ ಮುಂದೆ ಯಾರ ಬೆನ್ನೂ ಇರಲಿಲ್ಲ. ಕೆಂಪು ಆಕಾಶವಿತ್ತು, ಬಯಲಿತ್ತು, ಬಯಲಿನ ನಡುವೆ ರಸ್ತೆಯಿತ್ತು. ರಸ್ತೆಯ ಬದಿಯ ಕಲ್ಲಿನ ಮೇಲೆ ಒಬ್ಬಳು ಕೂತು ಚಪ್ಪಲಿಯೊಳಗಿನ ಮರಳು ಕೊಡವುತ್ತಿದ್ದಳು. ಕೊಡವಿ ಆದಮೇಲೆ ಚಪ್ಪಲಿ ಮೆಟ್ಟಿ, ಎದ್ದು, ನಡೆಯತೊಡಗಿದಳು.

ಸಾಲಿನ ಬಾಲದಲ್ಲಿ ಬಿದ್ದವನು ತನ್ನ ಎದುರಿನ ಬೆನ್ನಿಗೆ ಹೇಳಿದ: "ಮುಂದಕ್ಕೆ ಕೇಳು. ಅವಳು ಕಾಣ್ತಾಳಾ?"

ಮಾತು ಬೆನ್ನಿನಿಂದ ಬೆನ್ನಿಗೆ ಮುಂದೆ ಹೋಯಿತು. ಎತ್ತಿದವನು ಕೇಳಿಸಿಕೊಂಡ. "ಕಾಣ್ತಾಳೆ ಅನ್ನು. ನಡೀತಿದ್ದಾಳೆ ಅನ್ನು."

ಅವನ ಹಿಂದಿನವನು ತಗ್ಗಿದ ದನಿಯಲ್ಲಿ, "ಈ ದಿನ ಯಾರೂ ಬಂದಿಲ್ಲವಲ್ಲ, ಮುಂದಾಳುಗಳೇ" ಅಂದ. ಹಿಂದಕ್ಕೆ ಏನು ಹೇಳುವುದೆಂದು ಯೋಚಿಸಿದ. ಯೋಚಿಸಿ, ಹೇಳಬಹುದಾದದ್ದನ್ನು ಹೇಳಿದ. ಅದು ಒಬ್ಬರಿಂದ ಒಬ್ಬರಿಗೆ ಇಳಿದು ಬಾಲಕ್ಕೆ ಬಂತು.

"ರಸ್ತೆ ಕಾಣ್ತದಂತೆ."

ಬಿದ್ದವನು ಕೆಲವು ಹೆಜ್ಜೆ ನಡೆದ. ಆಮೇಲೆ, "ಕೇಳು" ಅಂದ. "ರಸ್ತೆ ಇನ್ನೂ ಕಾಣ್ತಿದೆಯಾ?"

ಮಾತು ಹೋಯಿತು, ಮಾತು ಬಂತು. "ಕಾಣ್ತಿದೆಯಂತೆ."

"ಈಗ?"

"ಕಾಣ್ತಿದೆಯಂತೆ. ತಿರುವಿನ ಹತ್ತಿರ."

ಧೂಳು ಏಳುತ್ತಿತ್ತು. ಅವನು ಬೆನ್ನನ್ನು ನೋಡುತ್ತ ನಡೆದ.

"ಈಗ?"

ಈ ಸಲ ಮಾತು ಬರುವುದು ತಡವಾಯಿತು. ಸಾಲು ನಡೆಯುತ್ತಲೇ ಇತ್ತು. ಕೊನೆಗೆ ಎದುರಿನ ಬೆನ್ನು, ತಿರುಗದೆ, ಹೇಳಿತು:

"ಇನ್ನು ಕಾಣ್ತಿಲ್ಲವಂತೆ."